ಕವಡೆ ಹಾಕಿ ಚೆಕಿಂಗಿಗೆ ಹೊರಟ ವಿರೂಪಾಕ್ಷಪ್ಪ

ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ವಿರೂಪಾಕ್ಷಪ್ಪ ಎಲ್ಲಿ ಎಂದು ಕೇಳಿದರೆ, ಯಾವ ವಿರೂಪಾಕ್ಷಪ್ಪ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಚೆಕಿಂಗ್ ವಿರೂಪಾಕ್ಷಪ್ಪ ಎಂದು ನೋಡಿ. ಬಸ್ಸಿಗೆ ಕಾಯುತ್ತ ಕೂತವರು, ಇನ್ನೂ ಬಸ್ಸನ್ನೇ ಹತ್ತದವರು ಕೂಡ, ಗಾಬರಿಯಿಂದ ಜೇಬು ಮುಟ್ಟಿಕೊಂಡು ಟಿಕೆಟ್ ಹುಡುಕುತ್ತಾರೆ. ಅಂಥ ಹೆಸರು ಅವನದು.

ಸಾಹುಕಾರ ಗುರುಬಸವರಾಜ್ ಅವರ ಎರಡು ಹಸಿರು ಬಸ್ಸುಗಳು ಜಗಳೂರಿಗೂ ನ್ಯಾಮತಿಗೂ ನಡುವೆ ಓಡಾಡುತ್ತಿದ್ದವು. ಜಗಳೂರಿನಿಂದ ಹೊರಟರೆ ಬಿಳಿಚೋಡು, ದಾವಣಗೆರೆ, ತ್ಯಾವಣಿಗೆ, ಬಸವಾಪಟ್ಟಣ, ಹೊನ್ನಾಳಿ, ಆಮೇಲೆ ನ್ಯಾಮತಿ. ಒಂದು ಹೋಗುವಾಗ ಇನ್ನೊಂದು ಬರುತ್ತಿತ್ತು. ಈ ಉದ್ದದ ದಾರಿಯಲ್ಲಿ ಎಲ್ಲಾದರೊಂದು ಕಡೆ ಇದ್ದಕ್ಕಿದ್ದಂತೆ ಕೈಯೊಡ್ಡಿ ಬಸ್ ಹತ್ತಿ, ಕಂಡಕ್ಟರು ಎಲ್ಲರಿಗೂ ಟಿಕೆಟ್ ಕೊಟ್ಟಿದ್ದಾನೋ, ಯಾರದೋ ಕಾಸು ನೇರವಾಗಿ ತನ್ನ ಜೇಬಿಗೆ ಇಳಿಸಿದ್ದಾನೋ ಎಂದು ನೋಡುವುದು ವಿರೂಪಾಕ್ಷಪ್ಪನ ಕೆಲಸ. ಕಾಯುವವನು ಒಬ್ಬ, ಸ್ಟಾಪುಗಳು ಲೆಕ್ಕವಿಲ್ಲದಷ್ಟು. ಕಳ್ಳತನಕ್ಕೆ ಬೇಕಾದದ್ದು ಒಂದೇ ಸ್ಟಾಪು.

ಹೋದ ಶ್ರಾವಣದಲ್ಲಿ ಸಾಹುಕಾರರು ಅವನನ್ನು ಮನೆಗೆ ಕರೆಸಿ, ಕಾಫಿ ಕೊಟ್ಟರು. ಅವರು ಕಾಫಿ ಕೊಟ್ಟರೆಂದರೆ ಏನೋ ಕೆಟ್ಟ ಸುದ್ದಿ ಇದೆ ಎಂದೇ ಅರ್ಥ.

"ಈ ತಿಂಗ್ಳ ಕೊನೆಗೆ ಬಸ್ ನಿಲ್ಲಿಸ್ತೀನಿ ವಿರೂಪಾಕ್ಷಪ್ಪ. ಸರ್ಕಾರಿ ಬಸ್ಸಲ್ಲಿ ಹೆಣ್ಮಕ್ಳಿಗೆ ಪುಕ್ಕಟೆ ಆದ್ಮೇಲೆ ನಮ್ಮ ಬಸ್ಸಿಗೆ ಹತ್ತೋರು ಯಾರು? ಗಂಡಸ್ರೂ ಹೆಂಡ್ತಿ ಹಿಂದೇನೇ ಹೋಗ್ತಾರೆ."

"ಹೌದ್ರಿ," ಎಂದ ವಿರೂಪಾಕ್ಷಪ್ಪ. ಅವನ ಹೆಂಡತಿಯೂ ಹಾಗೇ ಹೋಗುತ್ತಿದ್ದಳು.

"ನ್ಯಾಮತಿಯಾಗೆ ಪೆಟ್ರೋಲ್ ಬಂಕ್ ಹಾಕ್ತಿದೀನಿ. ಗಲ್ಲಾಪೆಟ್ಟಿಗೆ ಮುಂದೆ ಕೂರಾಕೆ ಒಬ್ಬ ನಂಬಿಗಸ್ತ ಬೇಕು. ನಮ್ಮ ಕಂಡಕ್ಟ್ರು ದಾಸಪ್ಪನ್ನ ಕೂರಿಸ್ಲೋ ಬ್ಯಾಡ್ವೋ? ಕೊನೇ ಟ್ರಿಪ್ ಮುಗಿಯೋ ಹೊತ್ತಿಗೆ ಹೇಳು. ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಬೇರೆ ಯಾರನ್ನಾದ್ರೂ ನೋಡ್ತೀನಿ."

ವಿರೂಪಾಕ್ಷಪ್ಪನ ಕೈಯಲ್ಲಿದ್ದ ಕಾಫಿ ಆರಿತು. ಏಕೆಂದರೆ ಅವನು ಹಿಡಿಯದೇ ಇದ್ದ ಕಂಡಕ್ಟರ್ ಇಡೀ ಲೈನಿಗೆ ಒಬ್ಬನೇ, ದಾಸಪ್ಪ. ಇಪ್ಪತ್ತು ವರ್ಷದ ಮೇಲಾಯಿತು, ಒಂದು ಸಲವೂ ಸಿಕ್ಕಿರಲಿಲ್ಲ. ಹಾಗಾದರೆ ಅವನು ಲೈನಿಗೇ ಪ್ರಾಮಾಣಿಕ ಕಂಡಕ್ಟರ್. ಇಲ್ಲವೇ ಲೈನಿಗೇ ಪ್ರಚಂಡ ಕಳ್ಳ. ಇವೆರಡರಲ್ಲಿ ಯಾವುದು ಎಂದು ವಿರೂಪಾಕ್ಷಪ್ಪನಿಗೆ ಗೊತ್ತಿರಲಿಲ್ಲ. ಐವತ್ತು ದಾಟಿದ ಕಂಡಕ್ಟರನನ್ನು ಬಸ್ ನಿಂತ ಮೇಲೆ ಬೇರೆ ಯಾರು ಕರೆಯುತ್ತಾರೆ? ಅವನ ಅನ್ನ ತನ್ನ ನಾಲಿಗೆಯ ತುದಿಯಲ್ಲಿದೆ, ನಾಲಿಗೆಗೆ ಮಾತ್ರ ಏನು ಹೇಳಬೇಕೆಂದು ತಿಳಿಯುತ್ತಿಲ್ಲ.

ಮನೆಗೆ ನಡೆದು ಬರುವಾಗ ಹಳೆಯದೆಲ್ಲ ನೆನಪಾಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ದಿನವೂ ಬಸವಾಪಟ್ಟಣದಲ್ಲೇ ನಿಲ್ಲುತ್ತಿದ್ದ. ಅಲ್ಲಿ ನೆರಳಿತ್ತು, ಬೆಂಚಿತ್ತು, ಮಂಡಕ್ಕಿ ಮೆಣಸಿನಕಾಯಿ ಬಿಸಿಬಿಸಿ ಸಿಗುತ್ತಿತ್ತು. ಮೊದಲ ವಾರವೇ ಕಂಡಕ್ಟರುಗಳಿಗೆ ವಿಷಯ ಗೊತ್ತಾಯಿತು. ಬಸವಾಪಟ್ಟಣ ಹತ್ತಿರ ಬಂದಂತೆ ಎಲ್ಲರಿಗೂ ಟಿಕೆಟ್ ಹರಿದು ಕೊಡುವುದು, ಬಸವಾಪಟ್ಟಣ ದಾಟಿದ ಮೇಲೆ ಪುಸ್ತಕ ಮುಚ್ಚಿಡುವುದು. ಬಸವಾಪಟ್ಟಣದಷ್ಟು ಪ್ರಾಮಾಣಿಕ ಊರು ಜಿಲ್ಲೆಯಲ್ಲೇ ಇಲ್ಲ ಎಂದು ವಿರೂಪಾಕ್ಷಪ್ಪ ಸಾಹುಕಾರರಿಗೆ ವರದಿ ಕೊಟ್ಟಿದ್ದ.

ಬುದ್ಧಿ ಬಂದ ಮೇಲೆ ಜಾಗ ಬದಲಿಸತೊಡಗಿದ. ಆಗ ಡ್ರೈವರುಗಳು ಒಂದು ಸನ್ನೆ ಕಂಡುಕೊಂಡರು. ಎದುರಿನಿಂದ ಬರುವ ಹಸಿರು ಬಸ್ಸಿನವನು ಮೂಗಿನ ಕೆಳಗೆ ಎರಡು ಬೆರಳಿಟ್ಟು ಎಳೆದು ತೋರಿಸಿದರೆ, 'ಮುಂದೆ ಮೀಸೆ ನಿಂತೈತೆ' ಎಂದು ಅರ್ಥ. ವಿರೂಪಾಕ್ಷಪ್ಪನ ಮೀಸೆ ಅಂಥದ್ದು. ಗಾಳಿಗೆ ಅದು ಅವನಿಗಿಂತ ಮುಂಚೆ ಬಸ್ ಹತ್ತುತ್ತಿತ್ತು. ಒಂದು ದಿನ ಛಲಕ್ಕೆ ಬಿದ್ದು ಬೋಳಿಸಿಬಿಟ್ಟ. ಆ ವಾರ ಇಬ್ಬರು ಕಂಡಕ್ಟರುಗಳು ಸಿಕ್ಕಿಬಿದ್ದರು. ಆದರೆ ಮನೆಯಲ್ಲಿ ಹೆಂಡತಿ ಕೊಟ್ರಮ್ಮ ಊಟಕ್ಕೆ ಬಡಿಸುತ್ತ ಮುಖವನ್ನೇ ನೋಡಲಿಲ್ಲ.

"ಏನಾತೇ?"

"ಏನಿಲ್ರಿ. ಯಾರೋ ಬೇರೆಯೋರಿಗೆ ಅನ್ನ ಹಾಕ್ದಂಗೆ ಆಗ್ತೈತೆ. ಅದು ಬೆಳೆಯೋಗಂಟ ಹೊರಗೆ ಕುಂತು ಉಣ್ರಿ."

ಮೀಸೆ ಮತ್ತೆ ಬಂತು. ಸನ್ನೆಯಂತೂ ಹೋಗಿರಲೇ ಇಲ್ಲ.

ಆಮೇಲೆ ಛತ್ರಿಯ ಉಪಾಯ. ತನ್ನ ಕರಿ ಛತ್ರಿಯನ್ನು ಹೊನ್ನಾಳಿ ಸ್ಟ್ಯಾಂಡಿನ ಟೀ ಅಂಗಡಿಯ ಮೊಳೆಗೆ ನೇತುಹಾಕಿ, ತಾನು ಹೋಗಿ ಬೇರೆ ಕಡೆ ನಿಲ್ಲುತ್ತಿದ್ದ. ಛತ್ರಿ ಕಂಡ ಕಂಡಕ್ಟರುಗಳು ಮೀಸೆ ಇಲ್ಲೇ ಎಲ್ಲೋ ಇದೆಯೆಂದು ಹೊನ್ನಾಳಿಯ ಸುತ್ತಮುತ್ತ ಶಿಸ್ತಾಗಿ ಟಿಕೆಟ್ ಕೊಟ್ಟರು. ಛತ್ರಿ ಒಂದೇ ಹೊನ್ನಾಳಿಯನ್ನು ಕಾಯಿತು, ಸಂಬಳವಿಲ್ಲದೆ. ವಿರೂಪಾಕ್ಷಪ್ಪ ಮಾತ್ರ ಬಿಸಿಲಲ್ಲಿ ಒಣಗಿದ. ಹೀಗೆ ಕೆಲವು ದಿನ ನಡೆದ ಮೇಲೆ ಒಂದು ಸಂಜೆ ತ್ಯಾವಣಿಗೆಯಲ್ಲಿ ಬಸ್ ಹತ್ತಿದರೆ, ದಾಸಪ್ಪ ಸೀಟಿನ ಕೆಳಗಿಂದ ಅದೇ ಛತ್ರಿ ತೆಗೆದು ಎರಡೂ ಕೈಯಿಂದ ಕೊಟ್ಟ.

"ತಗಳ್ರಿ ಇನ್ಸ್‌ಪೆಕ್ಟ್ರೇ. ಪಾಪ, ಒಂದೇ ಸಮ ಡ್ಯೂಟಿ ಮಾಡಿ ಸುಸ್ತಾಗೈತೆ. ಮನೆಗೆ ಕರ್ಕಂಡ್ ಹೋಗಿ ಮಲಗಿಸ್ರಿ."

ಇಡೀ ಬಸ್ಸು ನಕ್ಕಿತು. ವಿರೂಪಾಕ್ಷಪ್ಪ ಸಿಟ್ಟಿನಿಂದ ಅಂದು ಎಲ್ಲರ ಟಿಕೆಟ್ಟನ್ನೂ ಎರಡೆರಡು ಸಲ ನೋಡಿದ. ಒಂದೂ ಕಮ್ಮಿ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ದಾಸಪ್ಪ ಹಾಗೆಯೇ. ಸಣ್ಣ ಆಳು, ಬಸ್ಸಿನ ಫುಟ್‌ಬೋರ್ಡಿನ ಮೇಲೆ ಹುಟ್ಟಿದವನಂತೆ ನಿಲ್ಲುತ್ತಿದ್ದ. ಯಾವ ಮುದುಕಿ ಯಾವ ಊರಿನ ಮಗಳ ಮನೆಗೆ ಹೊರಟಿದ್ದಾಳೆ, ಅಳಿಯ ಮಾತಾಡಿಸುತ್ತಾನೋ ಇಲ್ಲವೋ, ಎಲ್ಲ ಅವನಿಗೆ ಗೊತ್ತು. ವಿರೂಪಾಕ್ಷಪ್ಪನ ಬಗ್ಗೆಯಂತೂ ವಿರೂಪಾಕ್ಷಪ್ಪನಿಗಿಂತ ಹೆಚ್ಚು ಗೊತ್ತು. "ನಿನ್ನೆ ಹೊನ್ನಾಳಿಯಾಗೆ ಹತ್ತಿದ್ರಿ, ಹಂಗಾಗಿ ಇವತ್ತು ಹೊನ್ನಾಳಿ ಇಲ್ಲ. ಸೋಮವಾರ ಒಪ್ಪತ್ತು, ಹಂಗಾಗಿ ಬಸವಾಪಟ್ಟಣದ ಮೆಣಸಿನಕಾಯಿ ಇಲ್ಲ. ಉಳಿದಿದ್ದು ತ್ಯಾವಣಿಗೆ. ಬರ್ರಿ, ಕಿಟಕಿ ಸೀಟು ಇಟ್ಟೀನಿ," ಎನ್ನುತ್ತಿದ್ದ.

ಅದು ನಿಜವೇ. ನಿನ್ನೆ ನಿಂತ ಕಡೆ ಇವತ್ತು ನಿಲ್ಲಬಾರದು ಎಂದು ವಿರೂಪಾಕ್ಷಪ್ಪ ತಾನೇ ಮಾಡಿಕೊಂಡ ನಿಯಮ. ತನಗೆ ಅದು ಭಾರಿ ಗುಟ್ಟಿನ ಸಂಗತಿ. ಎದುರಾಳಿಗೆ ಅದೇ ಪಂಚಾಂಗ.

ಇದನ್ನು ಮನೆಯಲ್ಲಿ ಹೇಳಿಕೊಂಡಾಗ ಕೊಟ್ರಮ್ಮ ಗೂಡಿನಿಂದ ಚೌಕಾಬಾರದ ಕವಡೆ ತೆಗೆದಳು. "ನಿಮ್ಮ ತಲೆಯಿಂದ ಬಂದಿದ್ದು ಊರಿಗೆಲ್ಲ ಗೊತ್ತಾಗ್ತೈತೆ. ಕವಡೆ ತಲೆಯಾಗೆ ಏನೈತೆ ಅಂತ ಯಾರಿಗೆ ಗೊತ್ತಾಗ್ತೈತೆ? ನಾನು ಹಾಕ್ತೀನಿ, ಬಿದ್ದ ಕಡೆ ಹೋಗ್ರಿ."

ಅಂದಿನಿಂದ ಬೆಳಗಿನ ಕಾಫಿ ಆದ ಮೇಲೆ ಕೊಟ್ರಮ್ಮ ನಾಲ್ಕು ಕವಡೆ ಉರುಳಿಸುವುದು, ಯಾವ ಊರು ಎಂದು ಹೇಳುವುದು, ಇವನು ಹೊರಡುವುದು. ಮೀಸೆ ಹೊತ್ತ ಗಂಡಸು ಹೆಂಡತಿಯ ಕವಡೆ ಕೇಳಿ ಡ್ಯೂಟಿಗೆ ಹೋಗುತ್ತಾನೆಂದು ಹೊರಗೆ ಯಾರಿಗೂ ಹೇಳಲಿಲ್ಲ. ಆದರೆ ಗುಣ ಕಂಡಿತು. ಒಮ್ಮೆ ಸತತವಾಗಿ ತ್ಯಾವಣಿಗೆಯೇ ಬಿತ್ತು. "ನಿನ್ನೆನೂ ಅಲ್ಲೇ ಹೋಗಿದ್ದೆ ಕಣೇ," ಎಂದರೆ, "ಕವಡೆಗೆ ನಿನ್ನೆ ನೆನಪಿರಲ್ಲ, ಹೋಗ್ರಿ," ಎಂದಳು. ಆ ಸಲ ಮುರುಗೇಶಪ್ಪ ಎಂಬ ಕಂಡಕ್ಟರ್ ಅರ್ಧ ಬಸ್ಸಿಗೆ ಟಿಕೆಟ್ಟೇ ಕೊಡದೆ ಸಿಕ್ಕಿ, ಅಲ್ಲೇ ಕಂಬ ಹಿಡಿದು ಕೂತುಬಿಟ್ಟ. "ಇದು ಅನ್ಯಾಯ ರೀ! ನೀವು ನಿನ್ನೆ ಇಲ್ಲೇ ಇದ್ರಲ್ರಿ!" ಎಂದು ಅವನದೇ ದೂರು. ಮೊದಲ ಸಲ ಸಿಕ್ಕವನನ್ನು ಬೈದು ಬಿಡುವುದು, ಎರಡನೇ ಸಲಕ್ಕೆ ಸಾಹುಕಾರರ ಮುಂದೆ ನಿಲ್ಲಿಸುವುದು ವಿರೂಪಾಕ್ಷಪ್ಪನ ಪದ್ಧತಿ. ಮುರುಗೇಶಪ್ಪನನ್ನೂ ಬೈದು ಬಿಟ್ಟ. ಅವನು ಆಮೇಲೆ ನೆಟ್ಟಗಾದ.

ಆದರೆ ಒಂದು ಸೋಜಿಗ. ಕವಡೆಗೆ ಬಿಳಿಚೋಡಿನ ಮೇಲೆ ಏನೋ ವಿಶೇಷ ಮಮತೆ. ಬಿಳಿಚೋಡು ಕೊಟ್ರಮ್ಮನ ತವರು.

"ಮೂರು ಬಿದ್ರೆ ಹೊನ್ನಾಳಿ ಅಂದಿದ್ದೆ ಅಲ್ವೇನೇ?"

"ಅದು ಅಮಾಸೆಗೆ ಮುಂಚೆ. ಈಗ ಮೂರು ಅಂದ್ರೆ ಬಿಳಿಚೋಡು. ಹೆಂಗೂ ಹೊಂಟೀರಿ, ಈ ಶೇಂಗಾ ಚಟ್ನಿಪುಡಿ ನನ್ನ ತಂಗಿ ಶಾಂತಾದೇವಿ ಕೈಗೆ ಕೊಟ್ಬಿಡ್ರಿ."

ಹೀಗೆ ಚಟ್ನಿಪುಡಿ ಹೋಯಿತು, ಹೋಳಿಗೆ ಹೋಯಿತು, ಉಗಾದಿ ಸೀರೆ ಹೋಯಿತು, ಒಮ್ಮೆ ಕಡೆಯುವ ಕಲ್ಲೂ ಹೋಯಿತು. ಬಿಳಿಚೋಡಿನಲ್ಲಿ ಹತ್ತಿದಾಗಲೆಲ್ಲ ದಾಸಪ್ಪ ಬಾಗಿಲಲ್ಲೇ ಕಾದು ನಿಂತು, "ಅಕ್ಕಾರು ಏನ್ ಕಳ್ಸಿದ್ರು ಈ ಸಲ?" ಎಂದು ಕೇಳುತ್ತಿದ್ದ. ಇವನಿಗೆ ಹೇಗೆ ಗೊತ್ತಾಗುತ್ತದೆ ಎಂದು ವಿರೂಪಾಕ್ಷಪ್ಪ ಎಷ್ಟು ಮೀಸೆ ತಿರುವಿದರೂ ಹೊಳೆದಿರಲಿಲ್ಲ. ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾಗಿ, ಕೊಟ್ರಮ್ಮ ತವರಿಗೆ ತಾನೇ ಹೋಗಿಬರತೊಡಗಿದ ಮೇಲೆ ಕವಡೆಗೆ ಬಿಳಿಚೋಡಿನ ಹಂಬಲ ಸಂಪೂರ್ಣ ಬಿಟ್ಟುಹೋಯಿತು. ಆಗಲೂ ಅವನಿಗೆ ಹೊಳೆಯಲಿಲ್ಲ. ದೇವರಂಥ ಮನುಷ್ಯ.

ಹೊಳೆಯಿಸಿದವಳು ಶಾಂತಾದೇವಿಯ ಮಗಳು ರೂಪಶ್ರೀ. ದಾವಣಗೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಸಾಹುಕಾರರ ಕಾಫಿ ಕುಡಿದ ಆ ಭಾನುವಾರ ಅವಳು ದೊಡ್ಡಮ್ಮನ ಮನೆಗೆ ಊಟಕ್ಕೆ ಬಂದಿದ್ದಳು. ವಿರೂಪಾಕ್ಷಪ್ಪ ರೊಟ್ಟಿ ಮುರಿಯುತ್ತ ತನ್ನ ಸಂಕಟ ಹೇಳಿಕೊಂಡ.

"ದೊಡ್ಡಪ್ಪ, ನಾನು ಪಾಠ ಮಾಡೋದೂ ಇದನ್ನೇ," ಎಂದಳು ಅವಳು. "ಇದಕ್ಕೆ ಗೇಮ್ ಥಿಯರಿ ಅಂತಾರೆ, ಆಟದ ಶಾಸ್ತ್ರ. ಕಂಪ್ಯೂಟರಿಗೆ ಕನ್ನ ಹಾಕೋರು ದಿನಾ ಬರ್ತಾರೆ, ದಿನಾ ಕಲೀತಾರೆ. ಕಾಯೋನು ಎಲ್ಲಾ ಬಾಗ್ಲು ಕಾಯಾಕಾಗಲ್ಲ. ಅದಕ್ಕೆ ಯಾವ ಬಾಗ್ಲು ಕಾಯ್ತೀನಿ ಅಂತ ತನಗೇ ಗೊತ್ತಿಲ್ದಂಗೆ ಚೀಟಿ ಎತ್ತಬೇಕು. ಸುಳ್ಳು ಬಾಗ್ಲು ಒಂದು ಇಟ್ಟು ಕಳ್ಳನ್ನ ದಾರಿ ತಪ್ಪಿಸ್ಬೇಕು, ನಿಮ್ಮ ಛತ್ರಿ ಹಂಗೆ."

ವಿರೂಪಾಕ್ಷಪ್ಪ ಎದೆಯುಬ್ಬಿಸಿ ಹೆಂಡತಿಯತ್ತ ನೋಡಿದ. "ಕೇಳಿದ್ಯಾ? ಕಾಲೇಜಿನಾಗೆ ನನ್ನ ಛತ್ರಿ ಪಾಠ ಮಾಡ್ತಾರಂತೆ. ಕವಡೆನೂ ಮಾಡ್ತಾರೆ, ಅಲ್ವೇನವ್ವ?"

ರೂಪಶ್ರೀ ನಗು ತಡೆದುಕೊಂಡಳು. "ಕವಡೆ ಸರಿ ಇತ್ತು ದೊಡ್ಡಪ್ಪ. ಕವಡೆ ಹಾಕೋರೇ ಸರಿ ಇರ್ಲಿಲ್ಲ. ನೀವು ಬಿಳಿಚೋಡಿಗೆ ಬರೋದು ಹಿಂದಿನ ದಿನವೇ ನಮ್ಮ ಓಣಿಗೆಲ್ಲ ಗೊತ್ತಿರ್ತಿತ್ತು. ದೊಡ್ಡಮ್ಮ ಫೋನ್ ಮಾಡೋರು, 'ನಾಳೆ ನಿಮ್ ಭಾವನ ಕೈಯಾಗೆ ಹೋಳಿಗೆ ಕಳಿಸ್ತೀನಿ' ಅಂತ. ಬೇರೆ ಊರು ಬಿದ್ರೆ ಅದನ್ನೂ ಬೆಳಿಗ್ಗೇನೇ ಫೋನಾಗೆ ಹೇಳೋರು. ನಮ್ಮವ್ವ ಅದನ್ನ ನಲ್ಲಿ ಹತ್ರ ಹೇಳೋಳು. ನಲ್ಲಿ ಪಕ್ಕದ ಮನೆ ಯಾರದ್ದು ಹೇಳಿ? ದಾಸಪ್ಪನ ಅಕ್ಕಂದು."

ಕೊಟ್ರಮ್ಮ ಎದ್ದು ಮಜ್ಜಿಗೆ ತರಲು ಹೋದವಳು ಬಹಳ ಹೊತ್ತು ಬರಲಿಲ್ಲ. ಒಳಗಿಂದ ಮಾತು ಮಾತ್ರ ಬಂತು: "ಒಂದು ಕಡೆಯೋ ಕಲ್ಲು ಕಳ್ಸಿದ್ದಕ್ಕೆ ಹಿಂಗೆ ಮರ್ಯಾದಿ ತೆಗೀಬೇಕೇನೇ?"

ವಿರೂಪಾಕ್ಷಪ್ಪನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ದುಃಖ. ದಾಸಪ್ಪನಿಗೆ ತಾನು ಎಲ್ಲಿರುತ್ತೇನೆಂದು ಯಾವಾಗಲೂ ಗೊತ್ತಿತ್ತು. ಹಾಗಾದರೆ ಅವನ ಟಿಕೆಟ್ಟುಗಳೆಲ್ಲ ಸರಿಯಿದ್ದದ್ದು ಯಾವುದಕ್ಕೆ ಸಾಕ್ಷಿ? ಇಷ್ಟು ವರ್ಷ ತಾನು ನೋಡಿದ್ದು ದಾಸಪ್ಪನನ್ನಲ್ಲ, ದಾಸಪ್ಪ ತನಗಾಗಿ ಇಟ್ಟಿದ್ದ ಕಿಟಕಿ ಸೀಟನ್ನು.

"ಈಗ ಟಿಕೆಟ್ ಮಷೀನ್ ಬಂದೈತಲ್ಲ, ಸಾಹುಕಾರ್ರು ಮೊಬೈಲಾಗೆ ನೋಡ್ಕಳ್ಳಿ," ಎಂದಳು ಕೊಟ್ರಮ್ಮ, ಮಜ್ಜಿಗೆ ಜೊತೆ ಧೈರ್ಯವನ್ನೂ ತಂದು.

"ಕೊಟ್ಟ ಟಿಕೆಟ್ ಮಷೀನಿಗೆ ಗೊತ್ತಾಗ್ತೈತೆ. ಕೊಡದೆ ಇದ್ದಿದ್ದು ಅದಕ್ಕೆ ಹೆಂಗೆ ಗೊತ್ತಾಗ್ಬೇಕು?" ಎಂದ ವಿರೂಪಾಕ್ಷಪ್ಪ. "ಕೊನೇ ಟ್ರಿಪ್ ಒಂದೈತೆ. ಅವತ್ತು ಹತ್ತಿ ನೋಡ್ತೀನಿ."

ರೂಪಶ್ರೀ ತಲೆ ಆಡಿಸಿದಳು. "ಕೊನೇ ಆಟ ಕಷ್ಟ ದೊಡ್ಡಪ್ಪ. ನಾಳೆ ಸಿಕ್ಕಿಬೀಳ್ತೀನಿ ಅನ್ನೋ ಭಯ ಇದ್ರೆ ಮನುಷ್ಯ ಇವತ್ತು ನೆಟ್ಟಗಿರ್ತಾನೆ. ನಾಳೆ ಅನ್ನೋದೇ ಇಲ್ದಿದ್ರೆ? ಶಾಸ್ತ್ರದ ಪ್ರಕಾರ ಕೊನೇ ದಿನ ಎಂಥೋರೂ ಕೈ ಹಾಕ್ತಾರೆ."

"ಕೈ ಹಾಕಿದ್ರೆ ಸಾಹುಕಾರ್ರಿಗೆ ಊಹೂಂ ಅಂತೀನಿ. ಆದ್ರೆ ನಾನು ಎಲ್ಲಿ ಹತ್ತುತೀನಿ ಅಂತ ಅವನಿಗೆ ಗೊತ್ತಾಗ್ಬಾರ್ದು. ಒಂದೇ ಒಂದು ಸಲ."

"ಎಲ್ಲಾ ಸ್ಟಾಪಿನ ಹೆಸ್ರೂ ಫೋನಿಗೆ ಹಾಕ್ತೀನಿ. ಅದು ಕಣ್ಣು ಮುಚ್ಚಿ ಒಂದನ್ನ ಎತ್ತುತೈತೆ. ಅದಕ್ಕೆ ತವರೂ ಇಲ್ಲ, ಮೆಣಸಿನಕಾಯಿನೂ ಬೇಕಿಲ್ಲ. ಬಂದಿದ್ದನ್ನ ನಿಮಗೊಬ್ರಿಗೇ ತೋರಿಸ್ತೀನಿ."

ಕೊಟ್ರಮ್ಮ ಗೂಡಿನ ಕಡೆ ನೋಡಿ, ಕವಡೆಗಳ ಪರವಾಗಿ ಮುಖ ಊದಿಸಿಕೊಂಡಳು.

ಕೊನೆಯ ದಿನ ವಿರೂಪಾಕ್ಷಪ್ಪ ಹೊರಟಾಗ, "ಬಿಳಿಚೋಡು ಕಡೆಗೇನಾದ್ರೂ...?" ಎಂದು ಕೊಟ್ರಮ್ಮ ಒಂದು ಪೊಟ್ಟಣ ಮುಂದೆ ಮಾಡಿದಳು. ಅವನು ಛತ್ರಿಯನ್ನಷ್ಟೇ ತೆಗೆದುಕೊಂಡ.

ಫೋನು ಎತ್ತಿದ ಜಾಗ ತ್ಯಾವಣಿಗೆ ದಾಟಿದ ಮೇಲೆ ಸಿಗುವ ಒಂದು ಚಾನಲ್ ಸೇತುವೆ. ಕಾಲುವೆಯಲ್ಲಿ ಭದ್ರಾ ನೀರು ತುಂಬಿ ಹರಿಯುತ್ತಿತ್ತು. ಸುತ್ತ ಹಸಿರು ಗದ್ದೆ, ಒಂದು ಜಾಲಿಮರ. ಟೀ ಇಲ್ಲ, ಬೆಂಚಿಲ್ಲ, ಮಾತಿಗೆ ಒಂದು ನಾಯಿಯೂ ಇಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನು ಅಲ್ಲಿ ನಿಂತವನಲ್ಲ, ಹೊಟ್ಟೆ ಇರುವ ಯಾವ ಮನುಷ್ಯನೂ ನಿಲ್ಲುವುದಿಲ್ಲ. ಛತ್ರಿ ಬಿಚ್ಚಿಕೊಂಡು ಸೇತುವೆಯ ಕಟ್ಟೆಗೆ ಒರಗಿ ನಿಂತ.

ಬಸ್ಸು ಬರಬೇಕಾದ ಹೊತ್ತಿಗೆ ಬರಲಿಲ್ಲ. ಸರ್ಕಾರಿ ಬಸ್ಸು ಹೋಯಿತು, ಟ್ರಾಕ್ಟರು ಹೋಯಿತು. ಟೈರು ಪಂಚರೋ, ಬೇರೆ ದಾರಿಯಲ್ಲಿ ಹೋದನೋ, ಇಲ್ಲ ಇದನ್ನೂ ಪತ್ತೆ ಹಚ್ಚಿ ತಪ್ಪಿಸಿಕೊಂಡನೋ? ಹಸಿವಿನ ಜೊತೆಗೆ ಹಳೆಯ ದಿನಗಳೂ ಬಂದು ಪಕ್ಕದಲ್ಲಿ ನಿಂತವು. ಬೆಳಗಾದರೆ ಎಲ್ಲಿಗೋ ಹೊರಡಬೇಕು, ಯಾರನ್ನೋ ಸೋಲಿಸಬೇಕು. ಆ 'ಯಾರೋ' ಇವತ್ತು ಎಲ್ಲಿದ್ದಾನೆ, ಏನು ಯೋಚಿಸುತ್ತಿದ್ದಾನೆ ಎಂದು ಸ್ನಾನ ಮಾಡುವಾಗಲೂ ಯೋಚಿಸಬೇಕು. ಹೆಂಡತಿಯ ಬಗ್ಗೆಯೂ ಅವನು ಇಷ್ಟು ಯೋಚನೆ ಮಾಡಿದವನಲ್ಲ. ಮಾಡಿದ್ದರೆ ಕವಡೆಯ ಗುಟ್ಟು ಮೊದಲೇ ತಿಳಿಯುತ್ತಿತ್ತು.

ಕೊನೆಗೆ ದೂರದಲ್ಲಿ ಹಸಿರು ಕಂಡಿತು. ಆದರೆ ಬಸ್ಸು ಕುಂಟುತ್ತ ಬರುತ್ತಿತ್ತು. ಅತ್ತ ಒಂದು ಮರದ ಹತ್ತಿರ ನಿಂತಿತು, ಯಾರೂ ಹತ್ತಲಿಲ್ಲ, ಇಳಿಯಲಿಲ್ಲ. ಮತ್ತೆ ಹೊರಟು ಒಂದು ಪಂಪ್‌ಸೆಟ್ಟಿನ ಮನೆಯ ಹತ್ತಿರ ನಿಂತಿತು. ವಿರೂಪಾಕ್ಷಪ್ಪ ಕೈಯೆತ್ತುವ ಮುಂಚೆಯೇ ಸೇತುವೆಗೆ ಬಂದು ತಾನಾಗಿ ನಿಂತಿತು. ಫುಟ್‌ಬೋರ್ಡಿನ ಮೇಲೆ ದಾಸಪ್ಪ.

"ಸಿಕ್ರಪ್ಪಾ! ಅಂತೂ ಸಿಕ್ರಿ!" ಎಂದು ಕೂಗಿದ. "ಹತ್ರಿ ಬೇಗ, ಜನ ನನ್ನ ಕೊಂದು ಹಾಕ್ತಾರೆ."

"ನಾನು ಇಲ್ಲಿದೀನಿ ಅಂತ ಯಾರು ಹೇಳಿದ್ರು ನಿಂಗೆ?" ವಿರೂಪಾಕ್ಷಪ್ಪನ ದನಿ ಬಿದ್ದುಹೋಗಿತ್ತು.

"ಯಾರೂ ಹೇಳ್ಲಿಲ್ರಿ, ಅದೇ ಕಷ್ಟ ಆಗಿದ್ದು! ಬಿಳಿಚೋಡಿನಾಗೆ ನಮ್ಮಕ್ಕನ್ನ ಕೇಳ್ದೆ, ಗೊತ್ತಿಲ್ಲ ಅಂದ್ಲು. ಹಂಗಾಗಿ ಅಲ್ಲಿಂದ ಒಂದು ಮರ, ಒಂದು ಕಟ್ಟೆ ಬಿಡದಂಗೆ ನಿಲ್ಲಿಸ್ತಾ ಬಂದೀನಿ. ಕೊನೇ ದಿನ ನಿಮ್ಮನ್ನ ಹತ್ತಿಸ್ಕಳ್ದೆ ಹೋದ್ರೆ ಹೆಂಗೆ?"

"ಇವರಿಗೋಸ್ಕರನಾ ಇಷ್ಟೊತ್ತು?" ಎಂದಿತು ಬಸ್ಸಿನೊಳಗಿಂದ ಒಂದು ಗಂಡುದನಿ. "ನಾನೇನೋ ಮಂತ್ರಿ ಬರ್ತಾರೆ ಅನ್ಕಂಡಿದ್ದೆ."

"ಆ ಮೀಸೆ ನೋಡಿದ್ರೆ ಮಂತ್ರಿನೇ ಬಿಡೋ," ಎಂದಳೊಬ್ಬ ಮುದುಕಿ.

ವಿರೂಪಾಕ್ಷಪ್ಪ ಮುಂದಿನ ಸೀಟಿನಿಂದ ಶುರುಮಾಡಿದ. ಒಬ್ಬೊಬ್ಬರ ಟಿಕೆಟ್ಟನ್ನೂ ಕೈಗೆ ತೆಗೆದುಕೊಂಡು, ಊರು ಕೇಳಿ, ಬೆಳಕಿಗೆ ಹಿಡಿದು ನೋಡಿದ. ಮುದುಕಿಯದಿತ್ತು. ಮಂತ್ರಿಗೆ ಕಾದಿದ್ದವನದಿತ್ತು. ಹಿಂದಿನ ಸೀಟಿನ ಕೋಳಿಬುಟ್ಟಿಗೂ ಲಗೇಜ್ ಟಿಕೆಟ್ ಇತ್ತು. ಬಸ್ಸಿನ ತುದಿಗೆ ಹೋಗಿ ತಿರುಗಿ ನಿಂತಾಗ ಅವನಿಗೆ ಅರ್ಥವಾಯಿತು. ಇವತ್ತು ತಾನು ಎಲ್ಲಿದ್ದೇನೆಂದು ಈ ಮನುಷ್ಯನಿಗೆ ನಿಜವಾಗಿ ಗೊತ್ತಿರಲಿಲ್ಲ. ಹತ್ತುತ್ತೇನೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. ನಾಳೆ ಎಂಬುದೂ ಇರಲಿಲ್ಲ.

ದಾಸಪ್ಪ ಮಷೀನಿನಿಂದ ಮುಂಚೆಯೇ ಹರಿದಿಟ್ಟಿದ್ದ ಒಂದು ಟಿಕೆಟ್ ಜೇಬಿನಿಂದ ತೆಗೆದ. "ಇದೊಂದು ಬಾಕಿ ಇತ್ತು. ಇದು ನಿಮ್ದು."

ನೋಡಿದರೆ ಜಗಳೂರಿನಿಂದ ನ್ಯಾಮತಿಗೆ.

"ನಾನು ಹತ್ತಿದ್ದು ಇಲ್ಲಿ ಕಣಯ್ಯಾ."

"ಎಲ್ಲಿ ಹತ್ತುತೀರಿ ಅಂತ ಗೊತ್ತಿದ್ರೆ ಅಲ್ಲಿಂದ ಹರೀತಿದ್ದೆ. ಇಷ್ಟು ವರ್ಷದಾಗೆ ಈ ಬಸ್ಸಲ್ಲಿ ದಿನಾ ಟಿಕೆಟ್ ಇಲ್ದೆ ಓಡಾಡಿದೋರು ನೀವೊಬ್ರೇ. ಕೊನೇ ದಿನನಾದ್ರೂ ಲೆಕ್ಕ ಸರಿ ಹೋಗ್ಲಿ ಅಂತ ನಾನೇ ಕಾಸು ಹಾಕೀನಿ."

ವಿರೂಪಾಕ್ಷಪ್ಪ ಕಿಟಕಿ ಸೀಟಿಗೆ ಕುಸಿದ. ಅದು ಖಾಲಿಯೇ ಇತ್ತು. ಟಿಕೆಟ್ಟನ್ನು ಅಂಗೈಯಲ್ಲಿ ಮಡಚಿ ಹಿಡಿದುಕೊಂಡ. "ದಾಸಪ್ಪಾ, ಇಷ್ಟು ವರ್ಷ ನೀನು..." ಎಂದು ಶುರುಮಾಡಿದ. ದಾಸಪ್ಪ ಸೀಟಿನ ಕಂಬಿ ಹಿಡಿದು ಬಾಗಿ ಕಾದ. ಬಸ್ಸು ಒಂದು ಗುಂಡಿಗೆ ಬಿದ್ದು ಎದ್ದಿತು.

"ಎಲಡಿಕೆ ಐತಾ?" ಎಂದು ಕೇಳಿದ ವಿರೂಪಾಕ್ಷಪ್ಪ.

"ಐತೆ, ತಗಳ್ರಿ. ಸುಣ್ಣ ಕಮ್ಮಿ ಹಾಕೀನಿ, ನಿಮ್ಗೆ ಬಾಯಿ ಸುಡ್ತೈತೆ."

ಬಸವಾಪಟ್ಟಣ ಬರುವ ಮುಂಚೆ ವಿರೂಪಾಕ್ಷಪ್ಪ ಸಾಹುಕಾರರಿಗೆ ಫೋನ್ ಮಾಡಿದ. ಎಂಜಿನ್ನಿನ ಸದ್ದಿಗೆ ಇಬ್ಬರೂ ಕೂಗಿ ಮಾತಾಡಬೇಕಾಯಿತು, ಇಡೀ ಬಸ್ಸು ಕೇಳಿಸಿಕೊಂಡಿತು.

"ಕೂರಿಸ್ರೀ! ಬಂಕಿನಾಗೆ ದಾಸಪ್ಪನ್ನೇ ಕೂರಿಸ್ರಿ!"

"ಗ್ಯಾರಂಟಿನಾ?"

"ಗ್ಯಾರಂಟಿ! ಆದ್ರೆ ಚೆಕಿಂಗ್ ಇರ್ಬೇಕು!"

"ಬಂಕಿಗೆ ಎಂಥಾ ಚೆಕಿಂಗೋ ಮಾರಾಯ? ಸಂಬ್ಳ ಕೊಡಾಕಾಗಲ್ಲ ನಂಗೆ!"

"ಸಂಬ್ಳ ಬ್ಯಾಡ್ರಿ! ನಾನೇ ಬಂದ್ ಹೋಗ್ತಿರ್ತೀನಿ! ಯಾವಾಗ ಅಂತ ನಿಮ್ಗೂ ಹೇಳಲ್ಲ!"

ದಾಸಪ್ಪ ಮುಖ ಆಚೆ ತಿರುಗಿಸಿಕೊಂಡು ಫುಟ್‌ಬೋರ್ಡಿಗೆ ಹೋದ. ಎದುರಿನಿಂದ ನ್ಯಾಮತಿಯ ಹಸಿರು ಬಸ್ಸು, ಅದರದ್ದೂ ಕೊನೆಯ ಟ್ರಿಪ್ಪು, ಹಾರನ್ ಹೊಡೆಯುತ್ತ ಬಂತು. ಎರಡು ಬಸ್ಸುಗಳು ಮೈಸವರಿ ದಾಟುವಾಗ ದಾಸಪ್ಪ ಬಾಗಿಲಿನಿಂದ ಅರ್ಧ ಹೊರಗೆ ಬಾಗಿ, ಮೂಗಿನ ಕೆಳಗೆ ಎರಡು ಬೆರಳಿಟ್ಟು ಉದ್ದಕ್ಕೆ ಎಳೆದು ತೋರಿಸಿದ.

ಕಿಟಕಿ ಸೀಟಿನಲ್ಲಿ ಕೂತ ವಿರೂಪಾಕ್ಷಪ್ಪ ಅದನ್ನು ನೋಡಿದ. ಬಾಯಿ ತುಂಬ ಎಲಡಿಕೆ ಇದ್ದುದರಿಂದ ಬೈಯಲು ಆಗಲಿಲ್ಲ.